ಸಣ್ಣ ನೂಕುಗಳಿಂದ ಮಹಾವೇಗ

ವಿಜ್ಞಾನವು ಸಿರಿವಂತರ ವಿದ್ಯೆಯೆಂದೂ, ಬೆಲೆಬಾಳುವ ಯಂತ್ರಗಳಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಕಲಿಸುವುದು ವ್ಯರ್ಥವೆಂದೂ ಕೆಲವು ತಂದೆತಾಯಂದಿರು ನಮ್ಮೊಡನೆ ಹೇಳುವುದುಂಟು. ಅವರಿಗೆ ಉತ್ತರವಾಗಿ ಈ ಪಾಠವನ್ನು ಬರೆಯುತ್ತೇವೆ.

ಪರಮಾಣುವಿನಿಂದ ಎಲೆಕ್ಟ್ರಾನನ್ನು ತೆಗೆದರೆ ಉಳಿಯುವ ಧನವಿದ್ಯುತ್ತುಳ್ಳ ಕಣಕ್ಕೆ ಅಯಾನು ಎಂದು ಹೆಸರು. ಪಾದರಸದಂಥ ಭಾರವಾದ ಧಾತುವಿನ ಅಯಾನಿಗೆ ಹತ್ತು ಲಕ್ಷ ವೋಲ್ಟುಗಳ ಶಕ್ತಿಯನ್ನು ಕೊಡಬೇಕಾದರೆ, ಅಷ್ಟು ವೋಲ್ಟುಗಳನ್ನು ಒಮ್ಮೆಗೇ ಹಾಯಿಸಬೇಕೆಂದು ತೋರುವುದು ಸಹಜ. ಆದರೆ ಅಷ್ಟನ್ನು ಹುಟ್ಟಿಸುವುದೂ ಕಿಡಿ ಹಾರದಂತೆ ತಡೆಯುವುದೂ ಕಷ್ಟ, ವೆಚ್ಚವೂ ಬಹಳ.

ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಚಿಕ್ಕ ಹುಡುಗಿಯು ಹೊತ್ತರಿತು ಮೆಲ್ಲನೆ ನೂಕುತ್ತಿದ್ದರೆ ಅಕ್ಕನ ಜೋಕಾಲಿಯು ಕೊಂಬೆಯೆತ್ತರಕ್ಕೆ ಏರುವುದು. ನಾರ್ವೆ ದೇಶದ ರಾಲ್ಫ್ ವಿಡರೋ ಎಂಬ ತರುಣನು ಜರ್ಮನಿಯ ಆಖೆನ್ ನಗರದಲ್ಲಿ ಈ ಉಪಾಯವನ್ನೇ ಹಿಡಿದನು. 25,000 ವೋಲ್ಟುಗಳಿಂದ ಎರಡು ಬಾರಿ ನೂಕಿ, ಪೊಟ್ಯಾಸಿಯಂ ಅಯಾನುಗಳಿಗೆ 50,000 ವೋಲ್ಟುಗಳ ಶಕ್ತಿಯನ್ನು ಕೊಟ್ಟುದನ್ನು ಅವನು 1928ರಲ್ಲಿ ಪ್ರಕಟಿಸಿದನು.

ಅಮೆರಿಕದ ಬರ್ಕ್ಲಿಯಲ್ಲಿ 1931ರಲ್ಲಿ ಅರ್ನೆಸ್ಟ್ ಲಾರೆನ್ಸ್ ಮತ್ತು ಡೇವಿಡ್ ಸ್ಲೋನ್ ಎಂಬವರು 30 ಲೋಹದ ಕೊಳವೆಗಳನ್ನು ಸಾಲಾಗಿ ಜೋಡಿಸಿದರು. ಕೊಳವೆಯೊಳಗೆ ಕಣಕ್ಕೆ ಸೆಳೆತವಿಲ್ಲ. ಎರಡರ ನಡುವಣ ಸಂದನ್ನು ದಾಟುವಾಗ ಮಾತ್ರ ನೂಕು ಸಿಗುವುದು. ಅದು ಕೊಳವೆಯಲ್ಲಿ ಸಾಗುವಷ್ಟರಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗುವುದರಿಂದ, ಮುಂದಿನ ಸಂದಿನಲ್ಲಿ ಮತ್ತೆ ನೂಕು ಮುಂದಕ್ಕೇ ಬೀಳುವುದು. ವೇಗ ಹೆಚ್ಚಿದಂತೆ ಕೊಳವೆಗಳ ಉದ್ದವೂ ಹೆಚ್ಚಬೇಕು. ಭಾರವಾದ ಕಣಗಳು ನಿಧಾನವಾಗಿ ಚಲಿಸುವ ಕಾರಣ ಗಿಡ್ಡ ಕೊಳವೆಗಳೇ ಸಾಕಾದವು. ಹೀಗೆ 42,000 ವೋಲ್ಟುಗಳಿಂದಲೇ ಪಾದರಸದ ಅಯಾನುಗಳಿಗೆ 12,60,000 ವೋಲ್ಟುಗಳ ಶಕ್ತಿಯು ದೊರೆಯಿತು.

ಆದರೆ ಅಯಾನುಗಳ ಪ್ರವಾಹವು ದಟ್ಟವಾಗಿರಬೇಕಾದರೆ ಇನ್ನೊಂದು ತೊಡಕುಂಟು. ಸಮಾನ ವಿದ್ಯುತ್ತುಳ್ಳ ಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ಪ್ರವಾಹವು ಚೆದರುವುದು. ಇದಕ್ಕೆ ಪರಿಹಾರವೇನೆಂದರೆ, ಒಂದು ದೊಡ್ಡ ಪ್ರವಾಹವನ್ನು ಅನೇಕ ಸಣ್ಣ ಎಳೆಗಳಾಗಿ ಹಂಚಿ, ಪ್ರತಿಯೊಂದನ್ನೂ ಅದರದರ ರಂಧ್ರದಲ್ಲಿ ಚೆದರದಂತೆ ನಡೆಸುವುದು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಆಲ್ಫ್ರೆಡ್ ಮ್ಯಾಶ್ಕಿಯವರು 1970ರ ದಶಕದ ಕೊನೆಯಲ್ಲಿ ಈ ಮಾರ್ಗವನ್ನು ತೋರಿದರು. ಬರ್ಕ್ಲಿ ಪ್ರಯೋಗಾಲಯದವರೂ ಕಾರ್ನೆಲ್ ವಿಶ್ವವಿದ್ಯಾಲಯದವರೂ ಅದನ್ನು ರೇಡಿಯೋ ಮೊದಲಾದವುಗಳಲ್ಲಿರುವಂಥ ಅಗ್ಗದ ಸರ್ಕ್ಯೂಟ್ ಹಲಗೆಗಳ ಮೇಲೆ ಕೊರೆದು ಮಾಡಿದ ಯಂತ್ರವನ್ನು 2017ರಲ್ಲಿ ಪ್ರಕಟಿಸಿದರು.

ಇಲ್ಲಿ ಹಣದ ಕೊರತೆಯನ್ನು ತುಂಬಿದುದು ವಿವೇಚನೆ. ಬಡ ವಿಧವೆಯ ಎರಡು ಕಾಸನ್ನು ಕರ್ತನು ಮೆಚ್ಚಿದನೆಂದು ಓದಿದ ನಾವು, ನಮ್ಮ ಸಣ್ಣ ಪ್ರಯೋಗಶಾಲೆಯನ್ನು ಹೀನವೆಂದು ಎಣಿಸಲಾರೆವು. ತಂದೆತಾಯಂದಿರೇ, ಕುಮಾರಿಯರನ್ನು ವಿಜ್ಞಾನದ ತರಗತಿಯಿಂದ ನಡುವೆ ಬಿಡಿಸಬೇಡಿರೆಂದು ಬೇಡಿಕೊಳ್ಳುತ್ತೇವೆ. ಮುಂದಿನ ನೂಕು ಬೀಳುವ ಮೊದಲೇ ಜೋಕಾಲಿಯನ್ನು ಹಿಡಿದು ನಿಲ್ಲಿಸುವುದು ನ್ಯಾಯವಲ್ಲ.