ಮನೆಯ ಧ್ವನಿಮುದ್ರಣದಲ್ಲಿ ಮಟ್ಟಗಳ ಹೊಂದಾಣಿಕೆ

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅಂದು ಅಪೂರ್ವವಾಗಿದ್ದ ಮೈಕು ಇಂದು ವಿದ್ಯಾರ್ಥಿಯ ಮೇಜಿನ ಮೇಲಿದೆ. ಉಪಕರಣವು ಸುಲಭವಾಗಿ ದೊರೆತರೂ ಅದನ್ನು ಬಳಸುವ ವಿವೇಕವು ತಾನಾಗಿ ಬರುವುದಿಲ್ಲ. ಆದುದರಿಂದ ಧ್ವನಿಮಟ್ಟಗಳನ್ನು ಹೊಂದಿಸುವ ಕ್ರಮವನ್ನು ಒಂದು ಉದಾಹರಣೆಯ ಮೂಲಕ ವಿಚಾರ ಮಾಡೋಣ.

ಶಿಡ್ಲಘಟ್ಟದ ಮನೆಯೊಂದರಲ್ಲಿ ವೃದ್ಧರೊಬ್ಬರು ಕೈವಾರದ ನಾರಾಯಣಪ್ಪನವರ ತತ್ತ್ವಪದವನ್ನು ಹಾಡುತ್ತಿರುವರೆಂದು ಭಾವಿಸೋಣ. ತಂಬೂರಿ, ಹಾರ್ಮೋನಿಯಂ, ತಬಲಗಳು ಜತೆಗಿವೆ. ಒಂದೊಂದಕ್ಕೂ ಪ್ರತ್ಯೇಕ ಮೈಕಿಟ್ಟು, ಬೇರೆ ಬೇರೆ ಟ್ರ್ಯಾಕುಗಳಲ್ಲಿ ಹಿಡಿದು, ಅನಂತರ ಒಂದುಗೂಡಿಸಬೇಕಾಗಿದೆ. ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರದ ಮೊರೆತ ಬೇರೆ. ಆ ಹಿರಿಯರು ಅದೇ ಪದವನ್ನು ಅದೇ ಭಾವದಿಂದ ಮತ್ತೊಮ್ಮೆ ಹಾಡುವರೆಂಬ ಭರವಸೆಯಿಲ್ಲ. ಮೊದಲ ಸಲವೇ ಸರಿಯಾಗಿ ಹಿಡಿಯತಕ್ಕದ್ದು.

ಧ್ವನಿಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಗಣಕಯಂತ್ರದ ಮಾಪಕದಲ್ಲಿ 0 ಎಂಬುದೇ ಗರಿಷ್ಠ ಮಿತಿ. ಉಳಿದೆಲ್ಲ ಮಟ್ಟಗಳೂ ಅದರ ಕೆಳಗಿವೆ. 6 ಡೆಸಿಬೆಲ್ ಇಳಿದರೆ ತರಂಗದ ಪಾರವು, ಎಂದರೆ ಅದರ ಎತ್ತರವು, ಸುಮಾರು ಅರ್ಧವಾಗುತ್ತದೆ. 12 ಇಳಿದರೆ ಕಾಲುಭಾಗವಾಗುತ್ತದೆ. ಧ್ವನಿಯು 0ಯನ್ನು ಮೀರಲು ಯತ್ನಿಸಿದರೆ ಏನಾಗುವುದು? ತರಂಗದ ಶಿಖರವು ಕತ್ತರಿಸಿದಂತೆ ಚಪ್ಪಟೆಯಾಗಿ, ಕರ್ಕಶವಾದ ಧ್ವನಿ ಹುಟ್ಟುತ್ತದೆ. ಹೀಗೆ ಹೋದ ಶಿಖರವನ್ನು ಯಥಾರೂಪದಲ್ಲಿ ಮರಳಿ ಪಡೆಯುವುದು ಸಾಧ್ಯವಿಲ್ಲ.

ಆದಕಾರಣ ಗಾಯಕರಿಂದ ಪದದ ಅತ್ಯಂತ ಗಟ್ಟಿಯಾದ ಭಾಗವನ್ನು ಮೊದಲು ಹಾಡಿಸಿ, ಅದರ ಶಿಖರವು 0ಗಿಂತ ಸುಮಾರು 12 ಡೆಸಿಬೆಲ್ ಕೆಳಗಿರುವಂತೆ ಮೈಕಿನ ಮಟ್ಟವನ್ನು ನಿಲ್ಲಿಸಬೇಕು. 24 ಬಿಟ್ ಮುದ್ರಣದ ವ್ಯಾಪ್ತಿಯು ತತ್ತ್ವತಃ ಸುಮಾರು 144 ಡೆಸಿಬೆಲ್ ಇರುವುದರಿಂದ, 12ನ್ನು ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ.

ಇನ್ನು ಯಂತ್ರದ ಮೊರೆತ. ಮುದ್ರಣವಾದ ಮೇಲೆ ಮಟ್ಟವನ್ನು ಏರಿಸಿದರೆ ಹಾಡಿನೊಡನೆ ಮೊರೆತವೂ ಅಷ್ಟೇ ಏರುತ್ತದೆ. ಇದಕ್ಕೆ ಉಪಾಯವು ಗುಂಡಿಯಲ್ಲಿಲ್ಲ, ದೂರದಲ್ಲಿದೆ. ಎರಡು ಅಡಿ ದೂರದ ಮೈಕನ್ನು ಒಂದು ಅಡಿಗೆ ತಂದರೆ ಬಾಯಿಂದ ನೇರವಾಗಿ ಬರುವ ಧ್ವನಿಯು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ದೂರದ ಮೊರೆತವಾದರೋ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ.

ಈಗ ಟ್ರ್ಯಾಕುಗಳನ್ನು ಕೂಡಿಸೋಣ. ಹಲವು ಗೂಡುಗಳ ಎಳೆಗಳು ಸೇರಿ ಒಂದು ರೇಷ್ಮೆ ನೂಲಾಗುವುದನ್ನು ಶಿಡ್ಲಘಟ್ಟದವರು ಬಲ್ಲರು. ಎಳೆ ಹೆಚ್ಚಿದಂತೆ ನೂಲು ದಪ್ಪವಾಗುತ್ತದೆ. ಧ್ವನಿಯೂ ಹಾಗೆಯೇ. ಒಂದೊಂದು ಟ್ರ್ಯಾಕೂ 0ಯ ಸಮೀಪದಲ್ಲಿದ್ದರೆ ಮೊತ್ತವು ಮಿತಿಯನ್ನು ಮೀರುವುದು ನಿಶ್ಚಯ. ಆದ್ದರಿಂದ ಎಲ್ಲವನ್ನೂ ಪೂರ್ತಿ ಇಳಿಸಿ, ಮೊದಲು ಕಂಠವನ್ನು ಮಾತ್ರ ಏರಿಸಿ ನಿಲ್ಲಿಸಬೇಕು. ಬಳಿಕ ತಾಳವು ಸ್ಪಷ್ಟವಾಗುವಷ್ಟು ತಬಲ. ಸಾಹಿತ್ಯವನ್ನು ಮುಚ್ಚದಷ್ಟು ಹಾರ್ಮೋನಿಯಂ. ಕಡೆಗೆ, ನಿಲ್ಲಿಸಿದರೆ ಮಾತ್ರ ಅದರ ಕೊರತೆ ತಿಳಿಯುವಷ್ಟು ತಂಬೂರಿ. ಮಾತು ಕೇಳದಿದ್ದರೆ ಕಂಠವನ್ನು ಏರಿಸುವ ಬದಲು ಅದನ್ನು ಮುಚ್ಚುತ್ತಿರುವ ವಾದ್ಯವನ್ನು ಇಳಿಸುವುದೇ ಲೇಸು. ಒಟ್ಟು ಮೊತ್ತವು ಮಿತಿಮೀರಿದರೆ ಎಲ್ಲ ಟ್ರ್ಯಾಕುಗಳನ್ನೂ ಸಮನಾಗಿ ಇಳಿಸಬೇಕು. ಆಗ ಅವುಗಳ ಪರಸ್ಪರ ಪ್ರಮಾಣವು ಕೆಡುವುದಿಲ್ಲ.

ಮಾಪಕದಂತೆ ಕಿವಿಯು ನಿಷ್ಪಕ್ಷಪಾತಿಯಲ್ಲ. ಧ್ವನಿ ಮೆಲ್ಲಗಾದಾಗ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ಕುಗ್ಗಿದಂತೆ ಕೇಳಿಸುವುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಗಟ್ಟಿಯಾಗಿ ಕೇಳಿ ಮಾಡಿದ ಹೊಂದಾಣಿಕೆಯನ್ನು ಮೆಲ್ಲಗೆ ಕೇಳಿದಾಗ ತಬಲದ ಎಡಗೈಯ ನಾದವು ಸೊರಗಿರುವುದು ಇದರಿಂದಲೇ. ಎರಡೂ ರೀತಿಯಲ್ಲಿ ಪರೀಕ್ಷಿಸಿಯೇ ತೀರ್ಮಾನಕ್ಕೆ ಬರಬೇಕು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಟ್ರ್ಯಾಕಿನ ಎರಡು ಪ್ರತಿಗಳನ್ನು ಒಟ್ಟಿಗೆ ನುಡಿಸಿದರೆ ಮಾಪಕವು ಸುಮಾರು 6 ಡೆಸಿಬೆಲ್ ಏರುತ್ತದೆ. ಸಮಾನ ಮಟ್ಟದ ಎರಡು ಬೇರೆ ವಾದ್ಯಗಳನ್ನು ಕೂಡಿಸಿದರೆ ಸರಾಸರಿ ಮಟ್ಟವು ಸುಮಾರು 3 ಮಾತ್ರ ಏರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ತರಂಗಗಳ ಚಿತ್ರ ಬರೆದು ಕಂಡುಕೊಂಡವರಿಗೆ ಧ್ವನಿಮಟ್ಟದ ಮರ್ಮವು ಬಹುಮಟ್ಟಿಗೆ ಕೈವಶವಾದಂತೆಯೇ.