ಬಾಳುವ ಚಿತ್ರಕ್ಕೆ ಯಾವ ಶಾಯಿ?

ವಿದ್ಯಾರ್ಥಿಗಳೇ, ಎರಡು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆಂದು ಓರ್ವ ವಿದ್ಯಾರ್ಥಿನಿಯ ಅಜ್ಜಿ ಊರಿನಿಂದ ಮುಂಬಯಿಗೆ ಬಂದಿದ್ದರು. ಅವರ ಛಾಯಾಚಿತ್ರವನ್ನು ತೆಗೆದು, ಶಾಲೆಯ ಮುದ್ರಣಯಂತ್ರದಲ್ಲಿಯೇ ಅಚ್ಚುಮಾಡಿ ಕೊಟ್ಟೆವು. ಯಂತ್ರಕ್ಕೆ ಹಾಕಿದ್ದುದು ಅಗ್ಗದ ಶಾಯಿ. ಈಚೆಗೆ ಅಜ್ಜಿ ತೀರಿಕೊಂಡರು. ಹುಡುಗಿ ತಂದು ತೋರಿಸಿದ ಚಿತ್ರದಲ್ಲಿ ಸೀರೆಯ ಕೆಂಪು ಮಾಸಿ, ಮುಖ ಬಿಳಚಿಕೊಂಡಿತ್ತು. ಮೂಲಪ್ರತಿಯನ್ನೂ ನಾವು ಉಳಿಸಿಕೊಂಡಿರಲಿಲ್ಲ. ತಪ್ಪು ನಮ್ಮದು, ಅದರಿಂದ ಕಲಿತುದನ್ನು ಇಲ್ಲಿ ಹೇಳುತ್ತೇವೆ.

ಶಾಯಿಯಲ್ಲಿ ಮುಖ್ಯವಾಗಿ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣವು ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಅದು ಅರಿಸಿನದ ಪುಡಿಯಂತೆ, ಆದರೆ ಅತಿ ಸೂಕ್ಷ್ಮ ಕಣಗಳಾಗಿ, ತೇಲುತ್ತಿರುತ್ತದೆ. ಬೆಳಕೂ ಗಾಳಿಯಲ್ಲಿನ ಓಝೋನೂ ಬಣ್ಣದ ಅಣುಗಳನ್ನು ಒಡೆಯುತ್ತವೆ. ಕರಗಿದ ಅಣುಗಳು ಬಿಡಿಬಿಡಿಯಾಗಿರುವುದರಿಂದ ಬೇಗ ಕೆಡುತ್ತವೆ; ಕಣದಲ್ಲಾದರೋ ಹೊರಗಿನವು ಒಳಗಿನವನ್ನು ಕಾಯುತ್ತವೆ. ಮಳೆಗಾಲದ ತೇವಕ್ಕೆ ಡೈ ಬಣ್ಣ ಹರಡುವುದೂ ಉಂಟು.

ಹೆಸರಾಂತ ಕಂಪನಿಗಳ ಶಾಯಿಗೆ ಅಷ್ಟು ಬೆಲೆಯೇಕೆ? ಯಂತ್ರವನ್ನು ಅಲ್ಪ ಲಾಭಕ್ಕೆ ಮಾರಿ, ಶಾಯಿಯಲ್ಲಿ ಲಾಭ ಪಡೆಯುವುದು ಈ ವ್ಯಾಪಾರದ ರೂಢಿ. ಆದರೆ ಯಂತ್ರ, ಶಾಯಿ, ಕಾಗದ ಮೂರೂ ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿದ ಶ್ರಮವೂ ಆ ಬೆಲೆಯಲ್ಲಿ ಸೇರಿದೆ. ಕ್ಯಾನನ್, ಎಚ್‌ಪಿ ಯಂತ್ರಗಳು ಶಾಯಿಯನ್ನು ಕಾಯಿಸಿ ಹನಿಯನ್ನು ಚಿಮ್ಮಿಸಿದರೆ, ಎಪ್ಸನ್ ಯಂತ್ರಗಳು ಒತ್ತಿ ಚಿಮ್ಮಿಸುತ್ತವೆ. ಆದುದರಿಂದ ಒಂದರ ಶಾಯಿ ಇನ್ನೊಂದಕ್ಕೆ ಹೊಂದದೆ ರಂಧ್ರಗಳು ಕಟ್ಟಿಕೊಳ್ಳಬಹುದು. ಇತರರು ತಯಾರಿಸಿದ ಶಾಯಿಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಪೆಟ್ಟಿಗೆಯ ಮೇಲಿನ ಮಾತಿನಿಂದ ಅದು ತಿಳಿಯದು.

ತಿಳಿಯುವ ಉಪಾಯ ಸುಲಭ. ಒಂದೇ ಚಿತ್ರವನ್ನು ಒಂದೇ ಬಗೆಯ ಕಾಗದದ ಮೇಲೆ ಎರಡು ಶಾಯಿಗಳಲ್ಲಿ ಅಚ್ಚುಮಾಡಿಸಿರಿ. ಎರಡರಲ್ಲಿಯೂ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ತಿಂಗಳು ಇಡಿರಿ. ಮುಚ್ಚಿದ ಭಾಗವನ್ನೂ ತೆರೆದ ಭಾಗವನ್ನೂ ಹೋಲಿಸಿದರೆ ಉತ್ತರ ಕಣ್ಣೆದುರಿಗೇ ಇರುತ್ತದೆ.

ಭೂಪಟ, ಕರಪತ್ರ, ಪ್ರಯೋಗದ ಹಾಳೆಗಳಿಗೆ ಅಗ್ಗದ ಶಾಯಿ ಧಾರಾಳವಾಗಿ ಸಾಕು; ಅಲ್ಲಿ ಹೆಚ್ಚು ಹಣ ತೆರುವುದು ದುಂದು. ಹಿರಿಯರ ಚಿತ್ರಕ್ಕಾದರೆ ಯಂತ್ರಕ್ಕೆ ಒಪ್ಪುವ ಶಾಯಿಯನ್ನೂ ಅದಕ್ಕೆ ತಕ್ಕ ಕಾಗದವನ್ನೂ ಬಳಸಿ, ಗಾಜಿನ ಚೌಕಟ್ಟಿನಲ್ಲಿ ಬಿಸಿಲು ತಾಗದೆಡೆ ಇಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲಪ್ರತಿಯನ್ನು ಎರಡು ಕಡೆ ಕಾಪಾಡಿರಿ.

ಅಜ್ಜಿಯ ಮಾಸಿದ ಚಿತ್ರವನ್ನು ಸ್ಕ್ಯಾನ್ ಮಾಡಿ, ಬಣ್ಣ ತಿದ್ದಿ, ಮತ್ತೆ ಅಚ್ಚುಮಾಡಿ ಕೊಟ್ಟಿದ್ದೇವೆ. ಆದರೆ ಸೀರೆಯ ಕೆಂಪು ಎಂತಹ ಕೆಂಪಾಗಿತ್ತೆಂದು ಹುಡುಗಿಯೇ ನೆನಪಿನಿಂದ ಹೇಳಬೇಕಾಯಿತು.