ಅಡಿಕೆಗೆ ಎರಡು ಬೇಲಿ

ಅಕ್ಕಂದಿರೇ, ಬನ್ನಿ. ಇವತ್ತು ಅಡಿಕೆ ವಿಷಯ ಓದೋಣ.

ನಾವು ಅಗಸೂರಿನವರು. ಅಂಕೋಲಾ ತಾಲೂಕಿನವರು. ನಮ್ಮ ಉತ್ತರ ಕನ್ನಡ ಅಡಿಕೆ ಬೆಳೆಯುವ ಜಿಲ್ಲೆ. ನಮ್ಮಲ್ಲಿ ಕೆಲವರಿಗೆ ತೋಟ ಇದೆ. ಹಲವರಿಗೆ ಇಲ್ಲ. ಆದರೂ ಅಡಿಕೆ ಹೆಕ್ಕಲು, ಸುಲಿಯಲು, ಒಣಗಿಸಲು ಹೋಗ್ತೇವೆ. ಅಡಿಕೆಗೆ ದರ ಇದ್ದರೆ ತೋಟದ ಕೆಲಸ ನಡೀತದೆ. ದರ ಬಿದ್ದರೆ ನಮ್ಮ ಕೂಲಿಗೂ ಕುತ್ತು.

ಅಡಿಕೆ ನಮ್ಮಲ್ಲಿ ಮಾತ್ರ ಬೆಳೀತದೆಯೇ? ಇಲ್ಲ. ಶ್ರೀಲಂಕಾ, ಬರ್ಮಾ, ಇಂಡೋನೇಷ್ಯಾ ದೇಶಗಳಲ್ಲೂ ಬೆಳೀತದೆ. ಹೊರದೇಶದ ಮಾಲು ತರಿಸುವುದಕ್ಕೆ ‘ಆಮದು’ ಎನ್ನುತ್ತಾರೆ.

ಆಮದು ಮಾಲಿಗೆ ಸರಕಾರ ಸುಂಕ ಹಾಕ್ತದೆ. ಅಡಿಕೆಗೆ ಸುಂಕ ನೂರಕ್ಕೆ ನೂರು. ಅಂದರೆ 100 ರೂಪಾಯಿ ಅಡಿಕೆಗೆ 100 ರೂಪಾಯಿ ಸುಂಕ. ಇದು ಮೊದಲ ಬೇಲಿ. ಆದರೆ ಕೆಲವು ನೆರೆದೇಶಗಳ ಜೊತೆ ಒಪ್ಪಂದ ಇದೆ. ಆ ದೇಶಗಳ ಮಾಲಿಗೆ ಸುಂಕದಲ್ಲಿ ರಿಯಾಯಿತಿ. ಬೇಲಿಯಲ್ಲಿ ಕಂಡಿ ಬಿತ್ತು!

ಅದಕ್ಕೇ ಎರಡನೆಯ ಬೇಲಿ. ಇದು ಸುಂಕವಲ್ಲ, ನಿಯಮ. ಇದರ ಹೆಸರು ‘ಕನಿಷ್ಠ ಆಮದು ಬೆಲೆ’. ಮೊದಲು ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ ಸರಕಾರ 351 ರೂಪಾಯಿ ಮಾಡಿತು. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಕಿಲೋಗೆ 351ಕ್ಕಿಂತ ಕಡಿಮೆ ಬಿದ್ದರೆ ಆ ಅಡಿಕೆ ತರುವಂತಿಲ್ಲ. ‘ಸುಂಕ ಕಟ್ಟುತ್ತೇನೆ’ ಅಂದರೂ ಬಿಡುವುದಿಲ್ಲ.

ಇದರಿಂದ ಏನಾಗ್ತದೆ? ಅಗ್ಗದ ಅಡಿಕೆ ರಾಶಿ ರಾಶಿ ಬಂದು ಬೀಳುವುದಿಲ್ಲ. ಹೆಚ್ಚು ಬೆಲೆಗೆ ಹೊರಗಿನಿಂದ ತಂದರೆ ವ್ಯಾಪಾರಿಗೆ ಲಾಭ ಕಡಿಮೆ. ಆಗ ಅವನು ನಮ್ಮ ಅಡಿಕೆ ಕೇಳಿಕೊಂಡು ಬರ್ತಾನೆ. ಆದರೆ ಕೊಂಡು ತಿನ್ನುವವರಿಗೆ ಕವಳ ದುಬಾರಿ ಆಗ್ತದೆ. ಅದೂ ನಿಜ.

ಬೇಲಿ ಹಾಕಿದರೆ ಸಾಕೇ? ಸಾಲದು, ಕಾಯಬೇಕು. ಕಳ್ಳದಾರಿಯಲ್ಲಿ ಅಡಿಕೆ ತರುವವರಿದ್ದಾರೆ. ಅಗ್ಗದ ಮಾಲಿಗೆ ಹೆಚ್ಚಿನ ಬೆಲೆಯ ಸುಳ್ಳು ಬಿಲ್ಲು ಮಾಡುವವರಿದ್ದಾರೆ. ‘ಇದು ಹುರಿದ ಅಡಿಕೆ, ಇದಕ್ಕೆ ನಿಯಮ ಇಲ್ಲ’ ಎಂದವರೂ ಇದ್ದರು. 2025ರಲ್ಲಿ ಹುರಿದ ಅಡಿಕೆಗೂ 351ರ ನಿಯಮ ಬಂತು. ಕೆಲವೊಮ್ಮೆ ಸರಕಾರವೇ ದಣಪೆ ತೆಗೀತದೆ. 2022ರಲ್ಲಿ ಭೂತಾನದ 17,000 ಟನ್ ಹಸಿ ಅಡಿಕೆಗೆ ಈ ನಿಯಮದಿಂದ ವಿನಾಯಿತಿ ಕೊಟ್ಟಿತು.

ನೋಡಿದಿರಾ? ದಿಲ್ಲಿಯಲ್ಲಿ ಬರೆದ ಒಂದು ಸಾಲು ನಮ್ಮ ಕೂಲಿಯವರೆಗೆ ಬರ್ತದೆ. ‘ದರ ಬಿತ್ತು’ ಎಂದು ಯಾರಾದರೂ ಹೇಳಿದರೆ ಸುಮ್ಮನೆ ತಲೆಯಾಡಿಸುವುದು ಬೇಡ. ಪೇಪರಿನಲ್ಲಿ ದರ ಓದೋಣ. ಯಾಕೆ ಬಿತ್ತು ಎಂದು ಕೇಳೋಣ. ಈಗ ನಮಗೆ ಅಕ್ಷರ ಗೊತ್ತು.

ಯೋಚಿಸಿ, ಹೇಳಿ:
1. ಸುಂಕಕ್ಕೂ ನಿಯಮಕ್ಕೂ ಏನು ವ್ಯತ್ಯಾಸ?
2. ಕಿಲೋಗೆ 300 ರೂಪಾಯಿಯ ಅಡಿಕೆ ಬಂದರಿಗೆ ಬಂತು. 2023ರ ನಿಯಮದಂತೆ ಒಳಗೆ ಬಿಡಬಹುದೇ?
3. ಅಡಿಕೆ ದರ ಇಳಿದರೆ ನಿಮ್ಮ ಮನೆಯಲ್ಲಿ ಯಾವ ಖರ್ಚು ಮೊದಲು ನಿಲ್ಲುತ್ತದೆ?